ಎಲ್-ಫೋರ್, ಎಲ್-ಫೈವ್ ಜೊತೆ ಸಂಸಾರ

ಈಗಿನ ಮದುವೆಮನೆಗಳಲ್ಲಿ ನೆಲದ ಪಂಕ್ತಿ ಹಾಕಿದರೆ ಸಲೀಸಾಗಿ ಕೂರುವವರು ಪುರೋಹಿತರು ಮತ್ತು ಚಿಕ್ಕ ಹುಡುಗರು ಮಾತ್ರ. ಅರವತ್ತು ದಾಟಿದವರೆಲ್ಲ ಟೇಬಲ್ ಊಟದ ಹಾಲ್ ಬಾಗಿಲಲ್ಲಿ ಮೊದಲೇ ಜಮಾಯಿಸಿರುತ್ತಾರೆ. ಅಲ್ಲಿ ಕಾಯುವಾಗ ನಡೆಯುವ ಮಾತಿಗೂ ಒಂದು ಕ್ರಮವಿದೆ. ಮೊದಲು ಮಕ್ಕಳ ಕೆಲಸ, ಆಮೇಲೆ ಶುಗರ್, ಬಿಪಿ, ಕೊನೆಗೆ ಬೆನ್ನು.

"ನಂದು ಎಲ್-ಫೋರ್ ಎಲ್-ಫೈವ್ ಕಣ್ರೀ. ಗ್ಯಾಪ್ ಬಂದಿದೆ ಅಂದ್ರು ಡಾಕ್ಟ್ರು."

"ನಮ್ಮೆಜಮಾನ್ರಿಗೆ ಗ್ಯಾಪೇ ಇಲ್ಲವಂತೆ ಅತ್ತಿಗೆ, ಎಲ್ಲಾ ಕೂಡ್ಕೊಂಡ್ಬಿಟ್ಟಿದೆಯಂತೆ."

ತಮಾಷೆಯೆಂದರೆ ಇಬ್ಬರೂ ಹೇಳುತ್ತಿರುವುದು ಬಹುಮಟ್ಟಿಗೆ ಒಂದೇ ಕಾಯಿಲೆ. ಪುಸ್ತಕದಲ್ಲಿ ಅದು ಬೆನ್ನುಮೂಳೆಯ ಅಸ್ಥಿಸಂಧಿವಾತ, ಆಸ್ಪತ್ರೆಯ ಚೀಟಿಯಲ್ಲಿ ಸ್ಪಾಂಡಿಲೋಸಿಸ್, ನಮ್ಮ ಬಾಯಲ್ಲಿ ಸವೆತ.

ನಮ್ಮ ಬೆನ್ನೆಲುಬಿನಲ್ಲಿ ಅಲುಗಾಡುವ ಮಣಿಗಳು 24. ಕುತ್ತಿಗೆಯಲ್ಲಿ 7, ಎದೆಗೂಡಿನ ಹಿಂದೆ 12, ಸೊಂಟದಲ್ಲಿ 5. ಎಲ್ ಎಂದರೆ ಈ ಸೊಂಟದ ಐದು. ಮೈಯ ಭಾರ, ಬಗ್ಗುವ ಏಳುವ ಕೆಲಸ ಎರಡೂ ಹೆಚ್ಚಾಗಿ ಬೀಳುವುದು ಅದರ ಕೊನೆಯ ಎರಡು ಮೆಟ್ಟಿಲಿಗೆ. ಹಾಗಾಗಿ ನಾಲ್ಕು ಮತ್ತು ಐದನೆಯವರ ಹೆಸರು ಊರೆಲ್ಲ ಮನೆಮಾತು. ಮಣಿ ಮಣಿಗಳ ನಡುವೆ ಒಂದೊಂದು ಡಿಸ್ಕ್ ಇದೆ, ಒಟ್ಟು 23. ಅದರ ರಚನೆ ಥೇಟ್ ಒಬ್ಬಟ್ಟಿನದು: ಹೊರಗೆ ಜಗ್ಗುವ ಗಟ್ಟಿ ಕಣಕ, ಒಳಗೆ ಮೆತ್ತನೆಯ ಹೂರಣ. ಎಳೆಯ ವಯಸ್ಸಿನಲ್ಲಿ ಆ ಹೂರಣದ ಬಹುಪಾಲು ನೀರೇ. ದಿನವಿಡೀ ನಿಂತು ಕೂತು ಮಾಡುವಾಗ ನೀರು ಸ್ವಲ್ಪ ಸ್ವಲ್ಪವೇ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಅಳೆದರೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು, ಕೆಲವರು ಅದಕ್ಕೂ ಹೆಚ್ಚು, ಎತ್ತರವಾಗಿರುವುದು ಇದೇ ಕಾರಣಕ್ಕೆ.

ವಯಸ್ಸಾದಂತೆ ಹೂರಣ ಒಣಗುತ್ತದೆ, ಡಿಸ್ಕ್ ತೆಳ್ಳಗಾಗುತ್ತದೆ. ಅಂದರೆ ಗ್ಯಾಪ್ ಬರುವುದಲ್ಲ, ಇದ್ದದ್ದು ಕಮ್ಮಿಯಾಗುವುದು. ಆಗ ಭಾರ ಹಿಂದಕ್ಕೆ ಸರಿಯುತ್ತದೆ. ಪ್ರತಿ ಮಣಿಯ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲುಗಳಿವೆ. ಮಂಡಿಯ ಕೀಲಿನಲ್ಲಿ ಇರುವಂತೆಯೇ ಅಲ್ಲೂ ನುಣುಪಾದ ಮೃದ್ವಸ್ಥಿ, ಜಿಡ್ಡಿನಂಥ ದ್ರವ ಎಲ್ಲವೂ ಇರುತ್ತವೆ. ಸವೆಯುವುದು ಈ ಮೃದ್ವಸ್ಥಿ. ಸವೆದ ಅಂಚಿನಲ್ಲಿ ದೇಹ ತಾನಾಗಿ ಮೂಳೆಯ ಚೂಪು ಮೊಳಕೆಗಳನ್ನು ಕಟ್ಟಿ ಭಾರ ಹಂಚಲು ನೋಡುತ್ತದೆ. ಅವು ಪಕ್ಕದ ನರಕ್ಕೆ ತಾಗಿದರೆ ಸೊಂಟದ ನೋವು ತೊಡೆಯ ಹಿಂದಿನಿಂದ ಇಳಿದು ಪಾದದವರೆಗೂ ಜುಮುಗುಡುತ್ತದೆ.

ಇದು ಸ್ಕೂಟರ್, ಕಂಪ್ಯೂಟರ್ ಬಂದ ಮೇಲಿನ ಕಾಯಿಲೆ ಎಂಬ ಮಾತಿದೆ. ಆದರೆ ಫ್ರಾನ್ಸಿನ ಲಾ ಶಾಪೆಲ್-ಒ-ಸೇಂಟ್ ಎಂಬಲ್ಲಿ 1908ರಲ್ಲಿ ಸಿಕ್ಕ ನಿಯಾಂಡರ್ತಾಲ್ ಮುದುಕನ ಅಸ್ಥಿಪಂಜರ ಸುಮಾರು 50 ಸಾವಿರ ವರ್ಷ ಹಳೆಯದು. ಅವನ ಬೆನ್ನುಮೂಳೆಯಲ್ಲೂ ಇದೇ ಸವೆತ ಇತ್ತು. ಅವನೇನು ಕುರ್ಚಿಯಲ್ಲಿ ಕೂತು ಗುಮಾಸ್ತಿಕೆ ಮಾಡಿದವನಲ್ಲ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಮೂಳೆ ಸವೆದಿರುವುದಕ್ಕೂ ನೋವಿಗೂ ನಾವು ತಿಳಿದಷ್ಟು ನೇರ ನಂಟಿಲ್ಲ. 2015ರಲ್ಲಿ ಅಮೆರಿಕದ ವಿಕಿರಣತಜ್ಞರ ನಿಯತಕಾಲಿಕದಲ್ಲಿ ಒಂದು ಪರಾಮರ್ಶೆ ಬಂತು. ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್‌ಗಳನ್ನು ಬೇರೆ ಬೇರೆ ಅಧ್ಯಯನಗಳಿಂದ ಒಟ್ಟುಗೂಡಿಸಿ ನೋಡಿದರು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37 ಮಂದಿಯ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ ಶೇ 96. ಹಿಂಬದಿಯ ಕೀಲುಗಳ ಸವೆತ ಇಪ್ಪತ್ತರಲ್ಲಿ ಶೇ 4 ಇದ್ದದ್ದು ಎಂಬತ್ತರ ಹೊತ್ತಿಗೆ ಶೇ 83. ಇವರಾರಿಗೂ ನೋವಿರಲಿಲ್ಲ ಎನ್ನುವುದನ್ನು ಮತ್ತೊಮ್ಮೆ ಓದಿಕೊಳ್ಳಿ. ಎಂಬತ್ತು ವರ್ಷ ಬಾಳಿದವರ ಚಿತ್ರದಲ್ಲಿ ಸವೆತ ಕಾಣದಿದ್ದರೆ ಅದೇ ಅಪರೂಪ. ಹಾಗಿದ್ದೂ ನಮ್ಮ ಕೈಗೆ ಬರುವ ಎಂಆರ್‌ಐ ವರದಿಯಲ್ಲಿ 'ಮಲ್ಟಿಲೆವೆಲ್ ಡಿಜೆನರೇಟಿವ್ ಚೇಂಜಸ್' ಎಂದು ದಪ್ಪಕ್ಷರದಲ್ಲಿ ಇರುತ್ತದೆಯೇ ಹೊರತು, 'ಈ ವಯಸ್ಸಿನಲ್ಲಿ ಇದು ಮಾಮೂಲು' ಎಂಬ ಒಂದು ಸಾಲು ಇರುವುದಿಲ್ಲ. ಆ ಸಾಲಿಗೆ ಖರ್ಚೇನೂ ಇಲ್ಲ. ಎಷ್ಟು ಜನರ ನಿದ್ದೆ ಉಳಿದೀತು!

ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರೊಬ್ಬರು ಹೇಳಿದ್ದು ಮೂರು ಮಾತು. "ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ." ಜೊತೆಗೆ ಮಾತ್ರೆ, ಸೊಂಟದ ಬೆಲ್ಟು. ಮುಂದಿನ ಟೋಕನ್ ಒಳಗೆ ಬಂದಾಗಿತ್ತು. ಆ ಮೂರು ಬೇಡಗಳು ಮನೆಗೆ ಬಂದ ಮೇಲೆ ಮೂವತ್ತಾದವು. ಮಗ ಬಕೆಟ್ ಮುಟ್ಟಗೊಡಲಿಲ್ಲ. ಸೊಸೆ ಪ್ರೀತಿಯಿಂದಲೇ ಬಾಗಿಲ ಮುಂದೆ ಸ್ಟಿಕರ್ ರಂಗೋಲಿ ಅಂಟಿಸಿದಳು. ಈಳಿಗೆಮಣೆ ಅಟ್ಟ ಸೇರಿತು. ಮೊಮ್ಮಗು ಕೈಚಾಚಿ ಬಂದರೆ "ಅಜ್ಜಿಗೆ ಬೆನ್ನು ನೋವು ಪುಟ್ಟಾ" ಎಂದು ಯಾರಾದರೂ ನಡುವೆ ಬರುವರು. ವರ್ಷ ತುಂಬುವುದರೊಳಗೆ ನಾನು ಸೋಫಾದಿಂದ ಏಳಬೇಕಾದರೆ ಎರಡೂ ಕೈ ಊರಬೇಕಾಯಿತು. ಅಷ್ಟರಲ್ಲಿ ಮೂಳೆ ಹೊಸದಾಗಿ ಸವೆದದ್ದು ಎಷ್ಟೋ ತಿಳಿಯದು. ತೊಡೆ, ನಿತಂಬ, ಹೊಟ್ಟೆಯ ಸ್ನಾಯುಗಳು ಕರಗಿದ್ದಂತೂ ನನಗೇ ಗೊತ್ತಾಗುತ್ತಿತ್ತು. ಸವೆತ ನಮ್ಮಿಂದ ಕಿತ್ತುಕೊಳ್ಳುವುದು ಒಂದಿಷ್ಟು. ಉಳಿದದ್ದನ್ನು ಕಿತ್ತುಕೊಳ್ಳುವುದು ನಮ್ಮನ್ನು ಕಾಪಾಡಲು ಹೊರಟವರ ಈ 'ಬೇಡ'ಗಳು ಎಂದೇ ನನ್ನ ಅಭಿಪ್ರಾಯ.

ಡಿಸ್ಕ್‌ಗೆ ರಕ್ತನಾಳದ ಪೂರೈಕೆ ಇಲ್ಲವೆಂಬಷ್ಟು ಕಡಿಮೆ. ಮೇಲಿನ ಕೆಳಗಿನ ಮೂಳೆಯಿಂದ ಜಿನುಗಿ ಬಂದದ್ದೇ ಅದರ ಆಹಾರ. ಆ ಜಿನುಗುವಿಕೆಗೆ ನಮ್ಮ ಓಡಾಟವೇ ಒತ್ತಾಸೆ. ಸ್ನಾಯು ಬಲವಾಗಿದ್ದರೆ ಕೀಲಿನ ಮೇಲಿನ ಹೊರೆಯೂ ಇಳಿಯುತ್ತದೆ. ಇಷ್ಟು ತಿಳಿದ ಮೇಲೆ ಮಂಚಕ್ಕೆ ಅಂಟಿಕೊಂಡು ಮೂಳೆ ಉಳಿಸಿಕೊಳ್ಳುತ್ತೇನೆಂಬುದು ಆಗದ ಮಾತು ಎಂದು ಬೇರೆ ಹೇಳಬೇಕಿಲ್ಲ.

ನನಗೆ ದಾರಿ ತೋರಿಸಿದ್ದು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ವರದಿಯ ಕವರನ್ನು ತೆರೆಯದೆ ಬದಿಗಿಟ್ಟಳು. ಬಚ್ಚಲಿನಿಂದ ಒಂದು ಬಕೆಟ್‌ನಲ್ಲಿ ಅರ್ಧ ನೀರು ತಂದಿಟ್ಟು, "ಆಂಟಿ, ಇದನ್ನ ಎತ್ತಿ ಆ ಕಡೆ ಇಡಿ, ನೋಡೋಣ" ಎಂದಳು. ನಾನು ಎಂದಿನಂತೆ ಕಾಲು ನೆಟ್ಟಗೆ ನಿಲ್ಲಿಸಿ ಸೊಂಟದಿಂದ ಬಗ್ಗಿದೆ. "ಅಲ್ಲೇ ನಿಲ್ಲಿ." ಪಾದಗಳನ್ನು ಅಗಲಿಸಿದಳು, ಒಂದು ಪಾದ ಚೂರು ಮುಂದೆ. ಮಂಡಿ ಮಡಿಸಿ, ಕುರ್ಚಿಯ ಮೇಲೆ ಕೂರುವವರ ಹಾಗೆ ಹಿಂಭಾಗ ಹಿಂದಕ್ಕೆ ತಳ್ಳಿ ಇಳಿಯಬೇಕು. ಬಕೆಟ್ ಹೊಟ್ಟೆಗೆ ಹತ್ತಿರ ಬರಬೇಕು. ಉಸಿರು ಬಿಡುತ್ತ ಏಳಬೇಕು. ಆಮೇಲೆ ಸೊಂಟ ತಿರುಚದೆ ಪಾದವನ್ನೇ ತಿರುಗಿಸಿ ನಡೆಯಬೇಕು. ತುಂಬಿದ ಬಕೆಟ್ ಒಂದರ ಬದಲು ಅರ್ಧ ಬಕೆಟ್ ಎರಡು ಸಲ. ಅಷ್ಟೇ ಪಾಠ. ಗದ್ದೆಯ ನಾಟಿಯಲ್ಲಿ ದಿನಗಟ್ಟಲೆ ಬಗ್ಗಿದ ಹೆಂಗಸರಿಗೂ, ಅಂಗಡಿಯಲ್ಲಿ ಮೂಟೆ ಇಳಿಸುವವರಿಗೂ ಇದನ್ನು ಕಲಿಸುವವರು ಯಾರೂ ಇರಲಿಲ್ಲ, ಈಗಲೂ ಇಲ್ಲ.

ಬೆಳಗಿನ ಬಿಗಿತದ್ದು ಬೇರೆಯೇ ಕಥೆ. ಎಚ್ಚರವಾದಾಗ ಬೆನ್ನು ಹಲಗೆಯಾಗಿರುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿ ಕಾಫಿ ಮುಗಿಸುವ ಹೊತ್ತಿಗೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ, ಸಡಿಲವಾಗುತ್ತದೆ. ಬಿಗಿತ ಅದಕ್ಕಿಂತ ಬಹಳ ಹೊತ್ತು ಉಳಿದರೆ, ಅದರಲ್ಲೂ ನಲವತ್ತರೊಳಗಿನವರಿಗೆ ಹೀಗಾದರೆ, ಅದು ಸವೆತವಲ್ಲ, ಉರಿಯೂತದ ಕಾಯಿಲೆ ಇರಬಹುದು. ಅದರ ಚಿಕಿತ್ಸೆಯೇ ಬೇರೆ. ಹಾಸಿಗೆಯಿಂದ ನೇರ ಮೇಲಕ್ಕೆ ಎದ್ದು ಕೂರುವುದು ಸೊಂಟಕ್ಕೆ ತ್ರಾಸು. ಮಂಡಿ ಮಡಿಸಿ, ಮಗ್ಗುಲಿಗೆ ಹೊರಳಿ, ಕಾಲೆರಡನ್ನೂ ಮಂಚದಿಂದ ಇಳಿಬಿಡುತ್ತ, ಮೊಣಕೈ ಊರಿ ಏಳಬೇಕು. ಬಲಮಗ್ಗುಲಲ್ಲೇ ಏಳಬೇಕೆಂದು ನಮ್ಮಜ್ಜಿ ಗದರುತ್ತಿದ್ದದ್ದು ಶಕುನಕ್ಕಾಗಿ. ಈಗ ಅದೇ ಮಗ್ಗುಲನ್ನು ಫೀಸು ಕೊಟ್ಟು ಕಲಿತೆ.

ನಮ್ಮ ದೊಡ್ಡಪ್ಪನ ವಿಷಯ ಹೇಳಲೇಬೇಕು. ಮನೆಯಿಂದ ಹೋಟೆಲಿಗೆ ನಡೆದುಹೋಗುವಾಗ ದಾರಿಯಲ್ಲಿ ಎರಡು ಕಡೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಕಾಲು ಸೀಸ ತುಂಬಿದ ಹಾಗೆ ಭಾರ, ಮರಗಟ್ಟಿದ ಅನುಭವ. ಆದರೆ ಸೈಕಲ್ ಹತ್ತಿದರೆ ಹ್ಯಾಂಡಲ್ ಮೇಲೆ ಬಾಗಿಕೊಂಡು ತೋಟದವರೆಗೂ ಹೋಗಿಬರುತ್ತಿದ್ದರು. "ನಡೆಯೋಕಾಗಲ್ಲ ಅಂತಾರೆ, ಸೈಕಲ್ ಹೊಡೆಯೋದು ನೋಡಿ ಇವರ ವೇಷ" ಎಂದು ಮನೆಯವರೇ ಆಡಿಕೊಂಡದ್ದುಂಟು. ಅದು ವೇಷವಲ್ಲ, ರೋಗಲಕ್ಷಣ. ಮೂಳೆಯ ಮೊಳಕೆ, ದಪ್ಪಗಾದ ತಂತುಗಳು ಸೇರಿ ಬೆನ್ನುಹುರಿಯ ಕೆಳಗಿನ ನರಗಳು ಸಾಗುವ ಕೊಳವೆಯನ್ನು ಕಿರಿದಾಗಿಸುತ್ತವೆ. ನೆಟ್ಟಗೆ ನಿಂತರೆ, ನಡೆದರೆ ಅದು ಇನ್ನಷ್ಟು ಇರುಕಾಗುತ್ತದೆ. ಮುಂದಕ್ಕೆ ಬಾಗಿದರೆ, ಕೂತರೆ ಹಿಗ್ಗುತ್ತದೆ. ಹಾಲೆಂಡಿನ ನರಶಸ್ತ್ರಜ್ಞ ಹೆಂಕ್ ವೆರ್ಬೀಸ್ಟ್ 1954ರಲ್ಲಿ ಇದನ್ನು ವಿವರವಾಗಿ ಬರೆದ ಮೇಲೆಯೇ ವೈದ್ಯಲೋಕ ಇದನ್ನು ಒಂದು ಪ್ರತ್ಯೇಕ ತೊಂದರೆಯೆಂದು ಗುರುತಿಸಿತು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಅವರಿಗೆ ಸುಮ್ಮನೆ ನಿಂತರೆ ಸಾಕು, ನೋವು ಇಳಿಯುತ್ತದೆ. ನರದ ತೊಂದರೆಯವರು ಕೂರಬೇಕು, ಇಲ್ಲವೇ ಬಾಗಬೇಕು. ಇಷ್ಟನ್ನು ಬಿಡಿಸಿ ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಲೀಸು.

ಇಂಥವರಲ್ಲಿ ನಡಿಗೆ ತೀರಾ ಕುಗ್ಗಿದರೆ ಶಸ್ತ್ರಚಿಕಿತ್ಸೆ ಮಾತಿಗೆ ಬರುತ್ತದೆ. ಕೊಳವೆಯ ಹಿಂಬದಿಯ ಮೂಳೆ ಕೊರೆದು ನರಕ್ಕೆ ಜಾಗ ಮಾಡಿಕೊಡುವುದು ಒಂದು ಬಗೆ. ಸ್ಕ್ರೂ, ರಾಡ್ ಹಾಕಿ ಮಣಿಗಳನ್ನು ಬೆಸೆಯುವುದು ಇನ್ನೊಂದು, ಖರ್ಚೂ ದೊಡ್ಡದು. ಸ್ವೀಡನ್ನಿನಲ್ಲಿ 247 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜಾಗ ಮಾಡಿಕೊಟ್ಟು ಅದರ ಜೊತೆ ಬೆಸೆದವರಿಗೆ ಬರೀ ಜಾಗ ಮಾಡಿಸಿಕೊಂಡವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಣಿ ಜಾರಿ ಅಲುಗಾಡುತ್ತಿದ್ದರೆ ಬೆಸೆಯಬೇಕಾಗಬಹುದು, ಅದು ಬೇರೆ ಮಾತು. ಆದರೆ "ಡಾಕ್ಟ್ರೇ, ನನಗೆ ಬೆಸುಗೆ ಯಾಕೆ ಬೇಕು?" ಎಂದು ಕೇಳಲು ಸಂಕೋಚಪಡಬಾರದು. ಇನ್ನೊಂದು, ಈ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಸುಧಾರಿಸುವುದು ಕಾಲಿನ ನೋವು. ಸೊಂಟದ ಹಳೆಯ ನೋವು ಪೂರ್ತಿ ಮಾಯವಾಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ಎರಡನೆಯ ವೈದ್ಯರನ್ನು ನೋಡಿ.

ಬೆನ್ನುನೋವಿನ ಸುತ್ತ ಹುಟ್ಟಿಕೊಂಡಿರುವ ಸಂತೆ ದೊಡ್ಡದು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿತ್ತು. ನಮ್ಮ ಬೀದಿಯಲ್ಲೂ ಅಂಥ ಒಬ್ಬಾಕೆ ಇದ್ದರು, ಬೆಳಿಗ್ಗೆ ಅವರ ಮನೆ ಮುಂದೆ ದೊಡ್ಡ ದೊಡ್ಡವರೂ ಬೋರಲು ಮಲಗುತ್ತಿದ್ದರು. ಉಳುಕು ಹೇಗೂ ಕೆಲವು ದಿನದಲ್ಲಿ ತಾನೇ ಬಿಡುವಂಥದ್ದು, ಕೀರ್ತಿ ಕಾಲಿಗೆ ಹೋಯಿತು. ಅದಕ್ಕೆ ದಕ್ಷಿಣೆಯೂ ಎಲೆ ಅಡಿಕೆ ಮಾತ್ರ. ಈಗಿನದು ಅಷ್ಟು ಅಗ್ಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಅಂಗಮರ್ದನ, ನೋವಿನ ಭಯ ಬಿಡಿಸುವ ಮಾತಿನ ಚಿಕಿತ್ಸೆ ಇವುಗಳಿಗೆ ಹೂಂ ಎಂದಿದೆ. ಸೊಂಟದ ಬೆಲ್ಟನ್ನು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನು, ಅಫೀಮು ಜಾತಿಯ ಬಲವಾದ ನೋವುನಿವಾರಕಗಳನ್ನು ವಾಡಿಕೆಯಾಗಿ ಕೊಡಬಾರದು ಎಂದಿದೆ. ಬೀರುವಿನಲ್ಲಿ ಬೆಲ್ಟ್ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ಗ್ಲೂಕೋಸಮೈನ್ ಮಾತ್ರೆಯದೂ ಹಾಗೆಯೇ. ಸೊಂಟದ ಸವೆತವಿದ್ದ 250 ಮಂದಿಯ ಮೇಲೆ ಅದನ್ನು ನಾರ್ವೆಯಲ್ಲಿ ಆರು ತಿಂಗಳು ಪರೀಕ್ಷಿಸಿದರು. 2010ರಲ್ಲಿ ಬಂದ ಫಲಿತಾಂಶ: ಹುಸಿಮಾತ್ರೆ ನುಂಗಿದವರಿಗೂ ನಿಜಮಾತ್ರೆ ನುಂಗಿದವರಿಗೂ ವ್ಯತ್ಯಾಸವಿಲ್ಲ. ಗಟ್ಟಿ ಹಲಗೆಯ ಮೇಲೆ, ನೆಲದ ಚಾಪೆಯ ಮೇಲೆ ಮಲಗಿ ಎಂಬ ಸಲಹೆಗೂ ಸ್ಪೇನಿನ 2003ರ ಅಧ್ಯಯನ ಬೆಂಬಲ ಕೊಡಲಿಲ್ಲ. ತೀರಾ ಗಟ್ಟಿಯದಕ್ಕಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ವಾಸಿಯೆಂದು ಕಂಡಿತು. ಎಣ್ಣೆ ತಿಕ್ಕಿ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಬಿಸಿನೀರು ಸುರಿದುಕೊಂಡರೆ ಮೈ ಹಗುರಾಗುತ್ತದೆ. ಬಿಗಿದ ಸ್ನಾಯುವಿಗೆ ಶಾಖ ಹಿತ, ಅದನ್ನು ಬಿಡುವ ಕಾರಣವೇ ಇಲ್ಲ. ಸವೆದದ್ದನ್ನು ಎಣ್ಣೆ ಬೆಳೆಸುತ್ತದೆ ಎಂದವರಿಗೆ ಮಾತ್ರ ಬಾಗಿಲು ತೋರಿಸಿ. ಹೆಸರು, ವಿವರ ಇಲ್ಲದ ಪೊಟ್ಟಣದ ಪುಡಿಗಳ ಬಗ್ಗೆ ಇನ್ನೂ ಎಚ್ಚರ ಬೇಕು. ತಿಂದ ಮಾರನೆಯ ದಿನವೇ ಪವಾಡವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಅಂಥವು ಪತ್ತೆಯಾದದ್ದುಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳು ನಾಲ್ಕು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು. ಶುಗರ್, ಬಿಪಿ ಮೊದಲೇ ಇರುವ ನಮ್ಮಂಥವರಿಗೆ ಅಪಾಯ ಇಮ್ಮಡಿ.

ಯೋಗದ ಬಗ್ಗೆ ಕೇಳುವವರಿಗೆ ನಾನು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಹೆಸರು ಹೇಳುತ್ತೇನೆ. ಕುರ್ಚಿ, ಮರದ ದಿಮ್ಮಿ, ಹಗ್ಗ, ಪಟ್ಟಿಗಳನ್ನು ಯೋಗಶಾಲೆಯೊಳಗೆ ತಂದು, ನೆಲ ಮುಟ್ಟಲಾರದವರಿಗೂ ಆಸನದ ದಾರಿ ಮಾಡಿಕೊಟ್ಟದ್ದು ಅವರ ದೊಡ್ಡ ಕೊಡುಗೆ. ಅವರ ಪದ್ಧತಿಯ ಶಿಕ್ಷಕರು ರೂಪಿಸಿದ 12 ತರಗತಿಗಳನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 313 ಬೆನ್ನುನೋವಿನವರ ಮೇಲೆ ಪರೀಕ್ಷಿಸಿದರು. ಯೋಗ ಮಾಡಿದವರ ದಿನದ ಓಡಾಟ, ಕೆಲಸ ಸುಧಾರಿಸಿತೆಂದು 2011ರಲ್ಲಿ ವರದಿಯಾಯಿತು. ನೋವಿನ ಮಟ್ಟ ಅಷ್ಟೇನೂ ಬದಲಾಗಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಬೆಂಗಳೂರು ಬಳಿಯ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ 80 ಮಂದಿಯ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವೂ ವಾರದ ಯೋಗವಾಸದಿಂದ ಬೆನ್ನು ಬಾಗುವ ಸಾಮರ್ಥ್ಯ ಹೆಚ್ಚಿ ತೊಂದರೆ ತಗ್ಗಿದ್ದನ್ನು ದಾಖಲಿಸಿದೆ. ಟಿ.ವಿ. ನೋಡಿಕೊಂಡು ಅರವತ್ತೈದರಲ್ಲಿ ಹಲಾಸನ, ಶೀರ್ಷಾಸನಕ್ಕೆ ಇಳಿಯುವವರ ಬಗ್ಗೆ ಮಾತ್ರ ನನಗೆ ದಿಗಿಲು. ಸವೆದ ಕುತ್ತಿಗೆಗೆ ಅದು ಆಟವಲ್ಲ.

ಕುತ್ತಿಗೆಯ ಮಾತು ಬಂದದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ಅಂಗಿಯ ಗುಂಡಿ ಹಾಕಲು ತಡವರಿಕೆ, ಸಹಿ ಬದಲಾಗುವುದು, ಅರಿವಿಲ್ಲದೆ ಕಾಲಿಂದ ಚಪ್ಪಲಿ ಜಾರುವುದು, ನಡಿಗೆ ವಾಲುವುದು, ಇವು ಬರೀ ವಯಸ್ಸಲ್ಲ. ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿರಬಹುದು, ನೋವಿಲ್ಲವೆಂದು ಸುಮ್ಮನಿರಬಾರದು. ತೊಡೆಸಂದಿನ ಸುತ್ತ ಮರಗಟ್ಟಿ ಮೂತ್ರ ಕಟ್ಟಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಓಡಬೇಕು. ಸಂಜೆ ಜ್ವರ, ತೂಕ ಇಳಿತ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೋ ಗೆಡ್ಡೆಯೋ ಎಂದು ನೋಡಿಸಬೇಕು, ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇದೆ. ಬಚ್ಚಲಲ್ಲಿ ಸಣ್ಣಗೆ ಜಾರಿ ಕುಕ್ಕರಿಸಿದ ಅಜ್ಜಿಗೆ ಹೊಸ ನೋವು ಶುರುವಾದರೆ ಟೊಳ್ಳಾದ ಮಣಿ ಕುಸಿದಿರಬಹುದು.

ಉಳಿದ ನಮಗೆಲ್ಲ ಔಷಧಿ ನಡಿಗೆಯೇ. ಆಸ್ಟ್ರೇಲಿಯಾದಲ್ಲಿ, ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ನಿಧಾನಕ್ಕೆ ಏರಿಸುತ್ತ ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆಗೆ ಬಂದವರಲ್ಲಿ ನೋವು ಮರುಕಳಿಸಲು ಹಿಡಿದ ಅವಧಿ ಸುಮಾರು 208 ದಿನ. ಆ ಸಲಹೆ ಸಿಗದವರಲ್ಲಿ 112.

ನಡೆಯಲು ನಾವು ತಯಾರು. ಆದರೆ ಎಲ್ಲಿ ನಡೆಯುವುದು, ಅದಕ್ಕಿಂತ ಮುಖ್ಯವಾಗಿ, ನಡುವೆ ಎಲ್ಲಿ ಕೂರುವುದು? ನಮ್ಮ ದೊಡ್ಡಪ್ಪನಂಥವರಿಗೆ ಇನ್ನೂರು ಮುನ್ನೂರು ಮಾರಿಗೊಂದು ಕೂರುವ ಜಾಗ ಬೇಕು. ಹಿಂದೆ ಮನೆಗಳಿಗೆ ಬೀದಿಗೆ ಮುಖ ಮಾಡಿದ ಜಗಲಿ ಇರುತ್ತಿತ್ತು, ಊರ ಬಾಗಿಲಲ್ಲಿ ಅರಳಿಕಟ್ಟೆ ಇತ್ತು, ದಾರಿಯಲ್ಲಿ ತಲೆಹೊರೆ ಇಳಿಸುವ ಕಲ್ಲು ಇರುತ್ತಿತ್ತು. ಈಗ ನಮ್ಮೂರ ಬಸ್ ನಿಲ್ದಾಣದಿಂದ ಸಂತೆ ಮೈದಾನದವರೆಗೆ ಕೂರಲಿರುವುದು ಮೆಡಿಕಲ್ ಶಾಪಿನ ಮುಂದಿನ ಒಂದು ಪ್ಲಾಸ್ಟಿಕ್ ಕುರ್ಚಿ, ಅದೂ ಅಂಗಡಿಯವರ ದಾಕ್ಷಿಣ್ಯ. ಪಾರ್ಕಿನಲ್ಲಿ ಬೆಂಚುಗಳಿವೆ, ನಿಜ. ಆದರೆ ತರಕಾರಿಗೆ, ಪಿಂಚಣಿಗೆ, ದೇವಸ್ಥಾನಕ್ಕೆ ಹೋಗುವವರ ದಾರಿಯಲ್ಲಿ ಇಲ್ಲ. ಮುಂದಿನ ವಾರ್ಡ್ ಸಭೆಗೆ ನಾವೊಂದಷ್ಟು ಜನ ಅರ್ಜಿ ಬರೆದಿಟ್ಟುಕೊಂಡಿದ್ದೇವೆ. ಬೆಂಚು ಕಲ್ಲಿನದಾದರೂ ಸರಿ, ಹಿಂದೆ ಒರಗು ಇರಲಿ, ಏಳುವಾಗ ಊರಲು ಪಕ್ಕದಲ್ಲಿ ಕೈ ಇರಲಿ, ಎತ್ತರ ಮಂಡಿಗಿಂತ ಕೆಳಗಿರುವುದು ಬೇಡ. ಕೊಡಿಸಿದವರ ಹೆಸರನ್ನು ಎಷ್ಟು ದೊಡ್ಡಕ್ಷರದಲ್ಲಿ ಕೆತ್ತಿಸಿದರೂ ನಮ್ಮ ತಕರಾರಿಲ್ಲ.